ನೋಟಿಗೆ ನೆನಪಿಲ್ಲ, ಫೋನಿಗೆ ಮರೆವಿಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ನಿಂತವರಿಗೆ ಹೊಸದೊಂದು ಚೀಟಿ ಕಾಣತೊಡಗಿತು: 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'. ವರ್ಷಗಳಿಂದ ಬಿಸ್ಕತ್ತಿನ ಭರಣಿಗಳ ಪಕ್ಕ ನಿಂತಿದ್ದ ಕ್ಯೂಆರ್ ಕೋಡ್ ಫಲಕಗಳು ಒಳಗೆ ಹೋಗಿದ್ದವು. ಫೋನ್‌ಪೇಯಂಥ ಕಂಪನಿ ಹುಟ್ಟಿದ ಊರಿನಲ್ಲಿ, ಪರ್ಸ್ ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟಿದ್ದ ಜನ ಬನ್ನು-ಟೀಗೆ ಕೊಡಲು ಚಿಲ್ಲರೆ ಹುಡುಕುವಂತಾಯಿತು.

ಕಾರಣ ಗೊತ್ತಿರುವುದೇ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಸಂಸ್ಥೆಗಳಿಂದ ಪಡೆದ ಮಾಹಿತಿ ಇಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ನೋಟಿಸ್‌ಗಳಲ್ಲಿ 2021-22ರಿಂದ ನಾಲ್ಕು ವರ್ಷಗಳ ಲೆಕ್ಕವಿತ್ತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿಗೆ ಬೆನ್ನು ಹತ್ತುವುದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದರು. ಬಂದ್ ನಿಂತಿತು.

ಆಗ ನಡೆದ ಚರ್ಚೆ ಎರಡು ಪಂಗಡವಾಯಿತು. ತೆರಿಗೆ ಕಟ್ಟದವರು ಸಿಕ್ಕಿಬಿದ್ದರು ಎಂದು ಒಂದು ಕಡೆಯವರು, ಬಡವರ ಹೊಟ್ಟೆ ಮೇಲೆ ಹೊಡೆದರು ಎಂದು ಇನ್ನೊಂದು ಕಡೆಯವರು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ತೆರಿಗೆಗಿಂತ ಹಿಂದಿನದೊಂದು ಸಂಗತಿ ಆ ಗದ್ದಲದಲ್ಲಿ ಮುಚ್ಚಿಹೋಯಿತು. ಹೊಸ ತಂತ್ರಜ್ಞಾನ ಬಂದಾಗ ನಾವು ಅದರ ವೇಗ ನೋಡುತ್ತೇವೆ, ಉಳಿಯುವ ಸಮಯ ನೋಡುತ್ತೇವೆ. ಅದು ಬರೆದಿಡುವುದನ್ನು ನೋಡುವುದಿಲ್ಲ. ನಮ್ಮ ದಿನನಿತ್ಯದ ಬದುಕಿನಲ್ಲಿ ಈ ಹತ್ತು ವರ್ಷಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಎಂದರೆ ಇದೇ: ಮೊದಲು ಯಾರೂ ಬರೆದಿಡದಿದ್ದ ಕೊಡು-ಕೊಳ್ಳುವಿಕೆಯೆಲ್ಲ ಈಗ ತನ್ನಿಂದ ತಾನೇ ದಾಖಲಾಗುತ್ತಿದೆ.

ಒಂದು ಟೀ, ಐದು ದಾಖಲೆ

ಯುಪಿಐ ವ್ಯವಸ್ಥೆ ರೂಪಿಸಿದ್ದು 2008ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. 2016ರ ಏಪ್ರಿಲ್‌ನಲ್ಲಿ 21 ಬ್ಯಾಂಕುಗಳೊಂದಿಗೆ ಪ್ರಯೋಗ ಶುರುವಾದಾಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ರಘುರಾಮ್ ರಾಜನ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದವು. ಮೌಲ್ಯದ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಶೇ 86ರಷ್ಟು ಅವೇ. ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಒಂದು ಕಡೆ ಕೈಯಲ್ಲಿ ಕಾಸಿಲ್ಲ, ಇನ್ನೊಂದು ಕಡೆ ಕೈಯಲ್ಲಿ ಇಂಟರ್ನೆಟ್ ಇದೆ. ಹೀಗೆ ಒಂದೇ ವರ್ಷದಲ್ಲಿ ಎಲ್ಲ ಕೂಡಿಬಂದು ದಾರಿಯಾಯಿತು. 2025ರ ಆಗಸ್ಟ್‌ನಲ್ಲಿ ದೇಶದಲ್ಲಿ ನಡೆದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಸಲ ತಿಂಗಳಿಗೆ 2,000 ಕೋಟಿ ದಾಟಿತು.

ಯುಪಿಐ ಕೆಲಸ ಮಾಡುವ ಬಗೆ ಸರಳ. ಗೋಡೆಯ ಮೇಲಿನ ಕ್ಯೂಆರ್ ಚೌಕದಲ್ಲಿ ದುಡ್ಡೂ ಇಲ್ಲ, ಗುಟ್ಟೂ ಇಲ್ಲ. ಅಂಗಡಿಯವರ ಯುಪಿಐ ವಿಳಾಸ, ಹೆಸರು ಇಷ್ಟೇ ಇರುತ್ತವೆ. ಅಂದಹಾಗೆ ಈ ಚೌಕವೂ ಹುಟ್ಟಿದ್ದು ಲೆಕ್ಕ ಇಡುವುದಕ್ಕೇ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಸಂಗಡಿಗರು ವಾಹನಗಳ ಬಿಡಿಭಾಗಗಳ ಜಾಡು ಹಿಡಿಯಲು ಇದನ್ನು ರೂಪಿಸಿದರು. ನಾವು ಅದನ್ನು ಸ್ಕ್ಯಾನ್ ಮಾಡಿ, ಮೊತ್ತ ಒತ್ತಿ, ಪಿನ್ ಹಾಕಿದಾಗ ಆ್ಯಪ್‌ನಿಂದ ಹೊರಟ ಸಂದೇಶ ಎನ್‌ಪಿಸಿಐಗೆ ಹೋಗುತ್ತದೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಹಾಗೆ ಅದು ಯಾರ ಬ್ಯಾಂಕು ಯಾವುದೆಂದು ನೋಡಿ, ನಮ್ಮ ಬ್ಯಾಂಕಿಗೆ ಹಣ ಕಳೆಯಲು, ಅಂಗಡಿಯವರ ಬ್ಯಾಂಕಿಗೆ ಹಣ ಕೂಡಲು ಹೇಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಂಗಡಿಯ ಪುಟ್ಟ ಸ್ಪೀಕರ್ ಪೆಟ್ಟಿಗೆ ಬಂದ ಮೊತ್ತವನ್ನು ಕನ್ನಡದಲ್ಲೇ ಕೂಗುತ್ತದೆ. ಆ ಪೆಟ್ಟಿಗೆಯೊಳಗೂ ಒಂದು ಸಿಮ್ ಇರುತ್ತದೆ. ಬಜ್ಜಿ ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಲಾಗದವರಿಗೂ, ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವ ಗಿರಾಕಿಗಳಿಂದ ಬೇಸತ್ತವರಿಗೂ ಅದೇ ಆಸರೆ.

ಈ ಕೆಲವು ಸೆಕೆಂಡುಗಳಲ್ಲಿ ಇನ್ನೊಂದು ಕೆಲಸವೂ ಆಗಿರುತ್ತದೆ. ಯಾರಿಂದ, ಯಾರಿಗೆ, ಎಷ್ಟು, ಯಾವ ಗಳಿಗೆಯಲ್ಲಿ ಎಂಬ ವಿವರ ಹನ್ನೆರಡು ಅಂಕಿಯ ಒಂದು ಸಂಖ್ಯೆಯ ಕೆಳಗೆ ಕೂರುತ್ತದೆ. ಕೊಟ್ಟವರ ಆ್ಯಪ್, ಪಡೆದವರ ಆ್ಯಪ್, ಇಬ್ಬರ ಬ್ಯಾಂಕು, ನಡುವೆ ಎನ್‌ಪಿಸಿಐ: ಒಂದು ಟೀ ಕುಡಿದ ದಾಖಲೆ ಹೀಗೆ ಐದು ಕಡೆ ಉಳಿಯಬಹುದು. ಅದೇ ಟೀಗೆ ನೋಟು ಕೊಟ್ಟಿದ್ದರೆ ಅದು ಗಲ್ಲಾಪೆಟ್ಟಿಗೆ ಸೇರಿದ ಕ್ಷಣಕ್ಕೆ ಕತೆ ಮುಗಿಯುತ್ತಿತ್ತು. ನೋಟಿಗೆ ತನ್ನ ಹಿಂದಿನ ಯಜಮಾನನ ನೆನಪಿರುವುದಿಲ್ಲ.

ಲೆಕ್ಕ ಹೊಸದಲ್ಲ

ಬರೆದಿಡುವ ಅಭ್ಯಾಸ ನಮಗೆ ಹೊಸದೇನೂ ಅಲ್ಲ. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ನಾಡು ಇದು. ಶೃಂಗೇರಿ ಮಠದಲ್ಲಿ ಅಂಥ ಹಳೆಯ ಕಡತಗಳಿವೆ. ಊರಿನ ಅಂಗಡಿಯಲ್ಲಿ ಕಿರ್ದಿ ಇತ್ತು, ಉದ್ರಿ ಪುಸ್ತಕ ಇತ್ತು. ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಿದ್ದರು, ಈಗಲೂ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಕಾರ್ಯಕ್ಕೆ ಅಷ್ಟನ್ನಾದರೂ ಹಿಂದಿರುಗಿಸಬೇಕಲ್ಲ.

ಆದರೆ ಆ ಪುಸ್ತಕಗಳಿಗೂ ಇಂದಿನ ದಾಖಲೆಗೂ ಮೂರು ವ್ಯತ್ಯಾಸಗಳಿವೆ. ಒಂದು, ಬರೆಯಬೇಕೋ ಬೇಡವೋ ಎಂಬುದು ಬರೆಯುವವರ ಕೈಯಲ್ಲಿತ್ತು. ಕೈಕಡ ಕೊಟ್ಟ ಐವತ್ತು ರೂಪಾಯಿಯನ್ನು ಯಾರೂ ಕಿರ್ದಿಗೆ ಹತ್ತಿಸುತ್ತಿರಲಿಲ್ಲ. ಎರಡು, ಪುಸ್ತಕ ಅಂಗಡಿಯಲ್ಲೇ ಇರುತ್ತಿತ್ತು. ಜಗಳ ಬಂದರೆ ಇಬ್ಬರೂ ಅದೇ ಹಾಳೆಯ ಮುಂದೆ ಕೂತು ಮಾತಾಡಬಹುದಿತ್ತು. ಮೂರು, ಅದನ್ನು ಹೊಡೆದುಹಾಕಬಹುದಿತ್ತು. ಮಳೆ ಕೈಕೊಟ್ಟ ವರ್ಷ ಅರ್ಧ ಬಾಕಿ ಬಿಟ್ಟುಕೊಟ್ಟು ಗೀಟು ಎಳೆದ ಶೆಟ್ಟರೂ ಇದ್ದರು, ಒಂದಕ್ಕೆರಡು ಬರೆದು ಹೊಲ ಬರೆಸಿಕೊಂಡವರೂ ಇದ್ದರು. ಹಳೆಯ ಪುಸ್ತಕ ಒಳ್ಳೆಯದಾಗಿತ್ತು ಎಂದು ಹಲುಬಲು ಕಾರಣವಿಲ್ಲ. ಓದು ಬಾರದವನ ಸಾಲದ ಪುಸ್ತಕ ಸಾಲ ಕೊಟ್ಟವನ ಮನೆಯಲ್ಲಿದ್ದರೆ ಏನಾಗುತ್ತದೆಂದು ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತು.

ಈಗಿನ ಲೆಕ್ಕದಲ್ಲಿ ಮೂರೂ ತಿರುವುಮುರುವಾಗಿವೆ. ಬರೆಯಬೇಡ ಎನ್ನಲಾಗದು, ಪುಸ್ತಕ ಎಲ್ಲಿದೆಯೆಂದು ಕಾಣದು, ಗೀಟು ಎಳೆಯಲೂ ಆಗದು.

ಸಿಕ್ಕಿದ್ದು ಕಡಿಮೆಯೇನಲ್ಲ

ಇದರಿಂದ ಬಂದ ಅನುಕೂಲವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಯನ್ನು ಇಳಿಯುವ ಆತುರದಲ್ಲಿ ಮರೆತವರು, ಚಿಲ್ಲರೆ ಬದಲು ಚಾಕೊಲೇಟ್ ಹಿಡಿಸಿಕೊಂಡು ಬಂದವರು ಲೆಕ್ಕವಿಲ್ಲ. ಆ ಪೀಡೆ ಬಹುಪಾಲು ತೊಲಗಿದೆ. ಸಂಜೆ ಮಬ್ಬಿನಲ್ಲಿ ಸೊಪ್ಪು ಮಾರುವ ಅಜ್ಜಿಗೆ ಖೋಟಾ ನೋಟಿನ ಭಯ ತಗ್ಗಿದೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವವರು ವಾರದ ಬಟವಾಡೆ ಆದ ಗಂಟೆಯೊಳಗೆ ಊರಿಗೆ ಹಣ ಕಳಿಸುತ್ತಾರೆ. ಮೊದಲಾದರೆ ಊರಿಗೆ ಹೊರಟ ಸಂಬಂಧಿಕರು ಸಿಗುವ ತನಕ ಕಾಯಬೇಕಿತ್ತು, ಇಲ್ಲವೇ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು ತಾವೇ ರಾತ್ರಿ ಬಸ್ಸು ಹತ್ತಬೇಕಿತ್ತು.

ದಾಖಲೆಯಿಂದಲೇ ಆದ ಲಾಭವೂ ಉಂಟು. ಬೀದಿ ವ್ಯಾಪಾರಿಗಳಿಗೆ ಬ್ಯಾಂಕು ಸಾಲ ಕೊಡದಿರಲು ಹೇಳುತ್ತಿದ್ದ ಮೊದಲ ಕಾರಣವೇ 'ನಿಮ್ಮ ವ್ಯಾಪಾರಕ್ಕೆ ಲೆಕ್ಕ ಎಲ್ಲಿದೆ?' ಎಂಬುದು. 2020ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸ್ವನಿಧಿ ಯೋಜನೆ ಮೊದಲ ಕಂತಿನಲ್ಲಿ 10,000 ರೂಪಾಯಿ ಸಾಲ ಕೊಟ್ಟಿತು. ಫೋನಿನಲ್ಲಿ ಹಣ ಪಡೆದವರಿಗೆ ವರ್ಷಕ್ಕೆ 1,200 ರೂಪಾಯಿಯವರೆಗೆ ಕ್ಯಾಶ್‌ಬ್ಯಾಕ್ ಆಸೆಯನ್ನೂ ತೋರಿಸಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವುದನ್ನೂ ಸರ್ಕಾರ ನಿಲ್ಲಿಸಿತ್ತು. ಬ್ಯಾಂಕಿನವರು, ಕಂಪನಿಯ ಹುಡುಗರು ಅಂಗಡಿಯಿಂದ ಅಂಗಡಿಗೆ ಅಲೆದು ಫಲಕ ಅಂಟಿಸಿದರು.

ಬನ್ನಿ ಬನ್ನಿ ಎಂದು ಕರೆದವರಲ್ಲಿ ಎಷ್ಟು ಜನ, ಹೀಗೆ ಬರುವ ಹಣದ ಒಟ್ಟು ಮೊತ್ತವನ್ನು ಮುಂದೊಂದು ದಿನ ಇನ್ನೊಬ್ಬರು ಕೂಡಿ ನೋಡುತ್ತಾರೆ ಎಂದು ಹೇಳಿದ್ದರು?

ಹಣ ಒಂದೇ ಕಡೆ, ಅರ್ಥ ಬೇರೆ ಬೇರೆ

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 40 ಲಕ್ಷ ಎಂದರೆ ಬಂಗಲೆ ಕಟ್ಟುವ ಆದಾಯದಂತೆ ಕೇಳಿಸುತ್ತದೆ. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು 11,000 ರೂಪಾಯಿಯ ವ್ಯಾಪಾರ. ನೆನಪಿಡಿ, ವ್ಯಾಪಾರ, ಲಾಭವಲ್ಲ. ಹಾಲು, ಬ್ರೆಡ್ಡು, ಸಿಗರೇಟು ಮಾರುವ ಅಂಗಡಿಯಲ್ಲಿ ಕೈಗೆ ಉಳಿಯುವ ಪಾಲು ಬಹಳ ಸಣ್ಣದು. ಇಂಥವರಿಗೆಂದೇ ಕಾನೂನಿನಲ್ಲಿ ಕಾಂಪೊಸಿಷನ್ ಎಂಬ ಸರಳ ದಾರಿ ಇದೆ. ಒಂದೂವರೆ ಕೋಟಿ ವಹಿವಾಟಿನವರೆಗೆ ಸರಕು ವ್ಯಾಪಾರಿಗಳು ಶೇ 1ರಷ್ಟು ಕಟ್ಟಿದರೆ ಸಾಕು. ಆದರೆ ಅದು ಮೊದಲೇ ನೋಂದಾಯಿಸಿಕೊಂಡವರಿಗೆ. ಗೊತ್ತಿಲ್ಲದೆ ಮಿತಿ ದಾಟಿದವರಿಗೆ ಪೂರ್ತಿ ತೆರಿಗೆ, ಅದರ ಮೇಲೆ ಬಡ್ಡಿ ಮತ್ತು ದಂಡ.

ಇನ್ನೊಂದು ತೊಡಕು ದಾಖಲೆಯ ಒಳಗೇ ಇದೆ. ನಗದಿನ ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಹಣ ಬೇರೆ, ಬೀರುವಿನದು ಬೇರೆ, ಚೀಟಿ ಎತ್ತಿದ ಹಣ ಬೇರೆ. ಒಂದೊಂದಕ್ಕೂ ಒಂದೊಂದು ಜಾಗ. ಫೋನು ಬಂದ ಮೇಲೆ ಎಲ್ಲವೂ ಒಂದೇ ಖಾತೆಗೆ ಬಂದು ಬೀಳತೊಡಗಿತು: ಬನ್ನು ಮಾರಿದ್ದು, ಮಗಳು ಕಳಿಸಿದ್ದು, ಭಾವಮೈದ ಹಿಂದಿರುಗಿಸಿದ ಸಾಲ, ಪಕ್ಕದ ಅಂಗಡಿಯವನು ಚಿಲ್ಲರೆ ನೋಟು ಪಡೆದು ಫೋನಿನಲ್ಲಿ ಹಾಕಿದ ಎರಡು ಸಾವಿರ. ಅಂಗಡಿಯವರಿಗೆ ಯಾವುದು ಏನೆಂದು ಗೊತ್ತು. ಕಂಪ್ಯೂಟರಿಗೆ ಎಲ್ಲವೂ ಜಮೆ. ತೆರಿಗೆಯೇ ಇಲ್ಲದ ತರಕಾರಿ ಮಾರುವ ಹಾವೇರಿಯ ವ್ಯಾಪಾರಿಯೊಬ್ಬರಿಗೂ ಲಕ್ಷಗಟ್ಟಲೆ ರೂಪಾಯಿಯ ನೋಟಿಸ್ ಬಂದು ಸುದ್ದಿಯಾಯಿತು. ದಾಖಲೆ ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೇ. ಮೊತ್ತ ಬರೆದುಕೊಂಡಿತ್ತು, ಸಂಬಂಧ ಬರೆದುಕೊಂಡಿರಲಿಲ್ಲ.

ಅರ್ಧ ಹೇಳುವ ದಾಖಲೆಯ ಪೆಟ್ಟು ತೆರಿಗೆಗೇ ನಿಲ್ಲುವುದಿಲ್ಲ. ಸೈಬರ್ ವಂಚಕರು ದೋಚಿದ ಹಣ ಕೈಯಿಂದ ಕೈಗೆ ದಾಟುವಾಗ ಅದರ ಒಂದು ಸಣ್ಣ ಪಾಲು ಊಟದ ಬಿಲ್ಲಾಗಿ ಯಾವುದೋ ಹೋಟೆಲಿನ ಖಾತೆಗೂ ಬಂದಿರುತ್ತದೆ. ಪೊಲೀಸರು ಹಣದ ಜಾಡು ಹಿಡಿದು ಬರುವಾಗ ಆ ಖಾತೆಯೂ ಸ್ಥಗಿತವಾಗುತ್ತದೆ. 2023ರಲ್ಲಿ ಕೇರಳದ ಅನೇಕ ಸಣ್ಣ ವ್ಯಾಪಾರಿಗಳಿಗೆ ಹೀಗಾಯಿತು; ದೂರು ದಾಖಲಾಗಿದ್ದು ದೂರದ ಯಾವುದೋ ರಾಜ್ಯದಲ್ಲಿ, ಖಾತೆಗೆ ಬೀಗ ಬಿದ್ದಿದ್ದು ಕೇರಳದಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಮೂಲಕ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ಬಯಲಾದವು. ಮನೆ ಕೊಂಡಾಗ ಒತ್ತಿದ ಹೆಬ್ಬೆಟ್ಟು ಯಾವತ್ತೋ ಬ್ಯಾಂಕ್ ಖಾತೆಯ ಬೀಗದ ಕೈ ಆದೀತು ಎಂದು ಯಾರು ಎಣಿಸಿದ್ದರು?

ಮನೆಯೊಳಗಿನ ಲೆಕ್ಕ

ಅಂಗಡಿ ಬಿಟ್ಟು ಮನೆಗೆ ಬಂದರೆ ಬದಲಾವಣೆ ಇನ್ನೂ ಸೂಕ್ಷ್ಮ. ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಹೆಂಗಸರು ಉಳಿಸಿಡುತ್ತಿದ್ದ ಹಣಕ್ಕೆ ಲೆಕ್ಕ ಕೇಳುವವರಿರಲಿಲ್ಲ. ಗಂಡನ ಕುಡಿತದಿಂದ, ಮಗನ ಹಟದಿಂದ ದೂರ ಇಟ್ಟ ಆ ಹಣವೇ ಆಸ್ಪತ್ರೆಯ ರಾತ್ರಿಗೆ, ಶಾಲೆಯ ಫೀಸಿಗೆ ಒದಗುತ್ತಿತ್ತು. 2016ರ ನೋಟು ರದ್ದತಿ ಆ ಡಬ್ಬಿಗಳನ್ನೆಲ್ಲ ಒಮ್ಮೆಲೇ ಹೊರಗೆ ತರಿಸಿತು. ಆಮೇಲೆ ಮನೆಖರ್ಚಿನ ಹಣವೂ ನಿಧಾನವಾಗಿ ಫೋನಿಗೆ ಸರಿಯಿತು. ಅಕ್ಕಿಗೆ ಕೊಟ್ಟ ಹಣದಲ್ಲಿ ನೂರು ಮಿಗಿಸುವುದು ಈಗ ಅಷ್ಟು ಸುಲಭವಲ್ಲ. ಎಷ್ಟು ಹೋಯಿತು ಎಂದು ಯಜಮಾನರ ಫೋನಿಗೆ ಮೆಸೇಜ್ ಬಂದಿರುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ನೇರವಾಗಿ ಮನೆಯೊಡತಿಯ ಖಾತೆಗೆ ಬೀಳುತ್ತದೆ. ನಡುವೆ ಯಾರೂ ಕೈ ಹಾಕುವಂತಿಲ್ಲ. ಖಾತೆಗೆ ಜೋಡಿಸಿದ ಫೋನ್ ನಂಬರು ಅವಳದೇ ಆಗಿದ್ದರೆ ಹಣ ಬಂದದ್ದು ಅವಳಿಗೇ ಮೊದಲು ತಿಳಿಯುತ್ತದೆ. ನಂಬರು ಗಂಡನದೋ ಮಗನದೋ ಆಗಿದ್ದರೆ ತನ್ನ ಹಣದ ಸುದ್ದಿಯನ್ನು ಅವಳು ಇನ್ನೊಬ್ಬರ ಬಾಯಿಂದ ಕೇಳಬೇಕು. ಯೋಜನೆ ಒಂದೇ, ಮೊತ್ತ ಒಂದೇ. ಮೆಸೇಜ್ ಯಾರ ಫೋನಿಗೆ ಬರುತ್ತದೆ ಎಂಬುದರ ಮೇಲೆ ಮನೆಯೊಳಗಿನ ಅಧಿಕಾರ ಯಾರದೆಂದು ತೀರ್ಮಾನವಾಗುತ್ತದೆ. ಕೀಪ್ಯಾಡ್ ಫೋನ್ ಇರುವವರೂ ಯುಪಿಐ ಬಳಸಲೆಂದು 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ 123ಪೇ ಎಂಬ ಸೌಲಭ್ಯ ತಂದಿದೆ. ಅದನ್ನು ಹಳ್ಳಿಯ ಹೆಂಗಸರಿಗೆ ಕೂರಿಸಿಕೊಂಡು ಕಲಿಸಿದವರು ಎಷ್ಟು ಮಂದಿ?

ಮೊದಲು ಓದಬೇಕಾದವರು ಯಾರು?

ಹಾಗಾದರೆ ದಾಖಲೆಯೇ ಕೆಡುಕೇ? ಕರ್ನಾಟಕದ್ದೇ ಇನ್ನೊಂದು ಅನುಭವ ಬೇರೆ ಉತ್ತರ ಕೊಡುತ್ತದೆ. ಒಂದು ಕಾಲಕ್ಕೆ ರೈತರು ತಮ್ಮ ಹೊಲದ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯಬೇಕಿತ್ತು. ಅವರು ಸಿಕ್ಕರೆ ಉಂಟು, ಕೈ ಬಿಸಿ ಮಾಡಿದರೆ ಬೇಗ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು, ಅದೂ ಕನ್ನಡದಲ್ಲಿ. ತಪ್ಪುಗಳು ಇರಲಿಲ್ಲವೆಂದಲ್ಲ, ಕಾಗದದಲ್ಲಿದ್ದ ತಪ್ಪು ಹಾಗೇ ಕಂಪ್ಯೂಟರಿಗೂ ಹತ್ತಿತ್ತು. ಆದರೆ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂಬುದನ್ನು ರೈತ ಯಾರ ಹಂಗೂ ಇಲ್ಲದೆ ತರಿಸಿ ಓದುವಂತಾಯಿತು. ತಪ್ಪು ಕಂಡರೆ ಅರ್ಜಿ ಹಾಕುವಂತಾಯಿತು.

ಪಹಣಿಯೂ ದಾಖಲೆ, ಯುಪಿಐ ಪಟ್ಟಿಯೂ ದಾಖಲೆ. ಒಂದು ಕಡೆ ದಾಖಲೆ ಯಾರ ಬಗ್ಗೆ ಇದೆಯೋ ಅವರೇ ಅದನ್ನು ಮೊದಲು ಓದಿದರು. ಇನ್ನೊಂದು ಕಡೆ ಇಲಾಖೆ ಮೊದಲು ಓದಿತು, ವ್ಯಾಪಾರಿಗೆ ತನ್ನದೇ ನಾಲ್ಕು ವರ್ಷದ ಲೆಕ್ಕ ನೋಟಿಸಿನ ರೂಪದಲ್ಲಿ ತಿಳಿಯಿತು. ತಂತ್ರಜ್ಞಾನ ವರವೋ ಶಾಪವೋ ಎಂದು ಶಾಲೆಯ ಚರ್ಚಾ ಸ್ಪರ್ಧೆಯಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ಯಂತ್ರ ಎರಡೂ ಕಡೆ ಒಂದೇ ಜಾತಿಯದು, ಓದುವ ಸರದಿ ಬೇರೆ.

ನಮ್ಮ ಬಗೆಗಿನ ಮಾಹಿತಿಯ ಮೇಲೆ ನಮಗೆ ಹಕ್ಕಿದೆ ಎಂಬ ಮಾತು ದೇಶದಲ್ಲಿ ಗಟ್ಟಿಯಾಗಿ ನಿಂತಿದ್ದಕ್ಕೂ ಕರ್ನಾಟಕದ ನಂಟಿದೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86ರ ಪ್ರಾಯ. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಕಾನೂನು ಕಾಗದದ ಮೇಲಿದೆ. ಅದು ಟೀ ಅಂಗಡಿಯ ಮಟ್ಟಕ್ಕೆ ಇಳಿಯುವುದು ಬಾಕಿ ಇದೆ.

ಇಳಿಸುವುದು ಹೇಗೆ? ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಒಬ್ಬ ವ್ಯಾಪಾರಿಯ ವಹಿವಾಟು ವರ್ಷದ ನಡುವೆ 30 ಲಕ್ಷ ಮುಟ್ಟಿತೆಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಹಣ ಬಂದದ್ದನ್ನು ಕನ್ನಡದಲ್ಲಿ ಕೂಗಿ ಹೇಳಬಲ್ಲ ಪೆಟ್ಟಿಗೆಗೆ, 'ನೋಂದಣಿಯ ಮಿತಿ ಹತ್ತಿರ ಬರುತ್ತಿದೆ' ಎಂದು ಆ ದಿನವೇ ಹೇಳಲು ಏನು ಅಡ್ಡಿ? ನಾಲ್ಕು ವರ್ಷ ಸುಮ್ಮನೆ ಕೂಡಿಟ್ಟು ಒಮ್ಮೆಲೇ ಲೆಕ್ಕ ಕೇಳುವುದಕ್ಕಿಂತ, ಮಿತಿ ದಾಟುವ ಮೊದಲೇ ಎಚ್ಚರಿಸಿ ಕಾಂಪೊಸಿಷನ್ ದಾರಿ ತೋರಿಸಿದರೆ ಸರ್ಕಾರಕ್ಕೂ ತೆರಿಗೆ ಬರುತ್ತದೆ, ಅಂಗಡಿಯೂ ಉಳಿಯುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಪಹಣಿಯ ಹಾಗೆ ಕನ್ನಡದಲ್ಲಿ, ತಿಂಗಳಿಗೊಮ್ಮೆ ಕೇಳದೆಯೇ ಬರಬೇಕು. ಖಾತೆ ಸ್ಥಗಿತಗೊಳಿಸುವವರು ಯಾವ ಮೊತ್ತದ ಮೇಲೆ, ಯಾವ ಠಾಣೆಯ ದೂರಿನ ಮೇಲೆ ಎಂದು ಅದೇ ದಿನ ತಿಳಿಸಬೇಕು; ಅನುಮಾನದ ಮೊತ್ತವನ್ನಷ್ಟೇ ತಡೆಹಿಡಿದು ಉಳಿದದ್ದನ್ನು ಬಿಡಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಅಂಗಡಿಯ ಹಣಕ್ಕೊಂದು, ಮನೆಯ ಹಣಕ್ಕೊಂದು ಬೇರೆ ಖಾತೆ ಇಡುವುದು. ತಿಂಗಳಿಗೊಮ್ಮೆ ಬಂದ ಹಣದ ಪಟ್ಟಿ ತೆಗೆದು ನೋಡುವುದು. ಮನೆಯೊಡತಿಯ ಖಾತೆಗೆ ಅವಳದೇ ಫೋನ್ ನಂಬರು ಜೋಡಿಸುವುದು. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡುವುದಕ್ಕೆ ಮಾತ್ರ ಬೇಕು ಎಂಬುದನ್ನು ಮನೆಯ ಹಿರಿಯರಿಗೆ ಮತ್ತೆ ಮತ್ತೆ ಹೇಳುವುದು. ಮೋಸ ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡುವುದು.

ನಗದಿನ ಕಾಲಕ್ಕೆ ಹಿಂದಿರುಗುವುದು ಆಗದ ಮಾತು. ಚೀಟಿ ಅಂಟಿಸಿದ ಅಂಗಡಿಯವರಿಗೂ ಅದು ಗೊತ್ತು, ಗಿರಾಕಿಗಳಿಗೂ ಗೊತ್ತು. ಇನ್ನು ಮುಂದೆ ಆಸ್ಪತ್ರೆ, ಶಾಲೆ, ಬಸ್ಸು, ರೇಷನ್ ಎಲ್ಲವೂ ನಮ್ಮ ಬಗ್ಗೆ ಬರೆದಿಡುತ್ತಲೇ ಹೋಗುತ್ತವೆ. ಹಾಗಾಗಿ ಪ್ರತಿ ಹೊಸ ಆ್ಯಪ್, ಪ್ರತಿ ಹೊಸ ಕಾರ್ಡು ಮನೆಬಾಗಿಲಿಗೆ ಬಂದಾಗ 'ಇದರಿಂದ ಎಷ್ಟು ಹೊತ್ತು ಉಳಿಯುತ್ತದೆ?' ಎಂದು ಕೇಳುವ ಜತೆಗೆ ಇನ್ನೂ ಎರಡು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು: ಇದು ನನ್ನ ಬಗ್ಗೆ ಏನು ಬರೆದುಕೊಳ್ಳುತ್ತದೆ? ಬರೆದದ್ದನ್ನು ನನಗಿಂತ ಮೊದಲು ಓದುವವರು ಯಾರು? ಉತ್ತರ ಕೊಡಲಾರದವರಿಗೆ, ಅವರು ಸರ್ಕಾರವೇ ಆಗಲಿ ಕಂಪನಿಯೇ ಆಗಲಿ, ನಮ್ಮ ಲೆಕ್ಕ ಬರೆಯುವ ಹಕ್ಕಿಲ್ಲ.